ಫಾರ್ಮ್ಯಾಟ್ ಹೊಡೆಸುವ ಮುನ್ನ ಸ್ಟಿಕರ್ ಓದಿ

ನಮ್ಮೂರು ಅಣಶಿಯ ಮಳೆಗಾಲದಲ್ಲಿ ಕಂಪ್ಯೂಟರ್ ಕೈಕೊಡಲು ದೊಡ್ಡ ಕಾರಣವೇನೂ ಬೇಕಿಲ್ಲ. ಕರೆಂಟು ಹತ್ತು ಸಲ ಹೋಗಿ ಬಂದರೆ ಸಾಕು, ಬೆಳಿಗ್ಗೆ ಪರದೆ ನೀಲಿ. ಆಗ ಕಪಾಟಿನಿಂದ ಹಳೆಯ ವಿಂಡೋಸ್ ಡಿವಿಡಿ ಹೊರಬರುತ್ತದೆ. ನಾನು ತೆಗೆದ ಡಿವಿಡಿಯ ಹೊಳೆಯುವ ಮೈಮೇಲೆ ಹಪ್ಪಳದ ಡಬ್ಬಿಗೆ ಹಿಡಿಯುವಂಥದೇ ಬಿಳಿ ಬೂಷ್ಟು. ಒರೆಸಿ ಹಾಕಿದೆ, ಡ್ರೈವ್ ಗುರುಗುಟ್ಟಿತು, ಓದಲಿಲ್ಲ.

ಡಿವಿಡಿ ಹಾಳಾಯಿತೆಂದು ಮರುಗಬೇಕಿಲ್ಲ. ವಿಂಡೋಸ್ 10, 11ರ ಸರಕು ಮೈಕ್ರೋಸಾಫ್ಟ್‌ನ ತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ನೀವು ಹಣ ಕೊಟ್ಟಿದ್ದು ಪರವಾನಗಿಗೆ. ಹಾಗಾಗಿ ಮೊದಲು ತಿಳಿದುಕೊಳ್ಳಬೇಕಾದ್ದು ಎರಡು: ನಿಮ್ಮ ಯಂತ್ರದ ಎಡಿಷನ್ ಯಾವುದು, ಅದರ ಪ್ರಾಡಕ್ಟ್ ಕೀ ಎಲ್ಲಿದೆ.

ಕಂಪ್ಯೂಟರ್ ಇನ್ನೂ ಕುಂಟುತ್ತ ಶುರುವಾಗುತ್ತಿದ್ದರೆ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ಎಂದು ಹೋಗಿ. ಎಡಿಷನ್ ಎಂಬ ಸಾಲಿನಲ್ಲಿ ಹೋಮ್, ಪ್ರೊ ಅಥವಾ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂದಿರುತ್ತದೆ. ಇದ್ದಂತೆ ಬರೆದುಕೊಳ್ಳಿ. ನಾನು ಇದನ್ನು ಮಾಡದೆ ಲ್ಯಾಪ್‌ಟಾಪನ್ನು ಒಂದು ಅಂಗಡಿಗೆ ಕೊಟ್ಟೆ. ನನ್ನದು ಸಿಂಗಲ್ ಲ್ಯಾಂಗ್ವೇಜ್. ಅವರ ಪೆನ್‌ಡ್ರೈವ್‌ನಲ್ಲಿ ಇದ್ದುದು ಪ್ರೊ. ಹಾಕಿ ಕೊಟ್ಟರು, ಹಣವನ್ನೂ ತೆಗೆದುಕೊಂಡರು. ವಾರದೊಳಗೆ ಪರದೆಯ ಬಲಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಬೂದು ಅಕ್ಷರ ಬಂದು ಕೂತಿತು. ಹೋಮ್‌ನ ಕೀ ಪ್ರೊಗೆ ಹೊಂದುವುದಿಲ್ಲ. ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಹಾಕಬೇಕಾಯಿತು. ಅಂದಹಾಗೆ, ಈ ಸಿಂಗಲ್ ಲ್ಯಾಂಗ್ವೇಜ್ ಎಡಿಷನ್‌ನಲ್ಲಿ ಮೆನುಗಳನ್ನು ಕನ್ನಡಕ್ಕೆ ಬದಲಿಸಲಾಗದು. ಕನ್ನಡ ಟೈಪಿಂಗ್‌ಗೆ ಅಡ್ಡಿಯಿಲ್ಲ. ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಇರುತ್ತದೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಇನ್ನು ಕೀ. ವಿಂಡೋಸ್ 8 ಅಥವಾ ನಂತರದ್ದು ಕಂಪನಿಯಿಂದಲೇ ಬಂದ ಯಂತ್ರವಾದರೆ ಕೀ ಮದರ್‌ಬೋರ್ಡ್‌ನಲ್ಲೇ ಅಡಗಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ತಾನೇ ಓದಿಕೊಂಡು ಸರಿಯಾದ ಎಡಿಷನ್ ಆರಿಸಿಕೊಳ್ಳುತ್ತದೆ. ವಿಂಡೋಸ್ 7ರ ಕಾಲದ್ದಾದರೆ ಲ್ಯಾಪ್‌ಟಾಪ್ ಅಡಿಯಲ್ಲಿ ಅಥವಾ ಬ್ಯಾಟರಿ ತೆಗೆದಾಗ ಕಾಣುವ ಗೂಡಿನಲ್ಲಿ ಸ್ಟಿಕರ್ ಹುಡುಕಿ. ಐದೈದರ ಐದು ಗುಂಪು, ಒಟ್ಟು 25 ಅಕ್ಷರ. ಅರ್ಧ ಸವೆದಿರುತ್ತದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಊಹಿಸಲು ಒಂದು ಸೂತ್ರವಿದೆ: ಈ ಕೀಗಳಲ್ಲಿ ಎ, ಇ, ಐ, ಓ, ಯು ಎಂಬ ಇಂಗ್ಲಿಷ್ ಸ್ವರಗಳೂ ಎಲ್, ಎಸ್, ಝಡ್ ಅಕ್ಷರಗಳೂ 0, 1, 5 ಅಂಕಿಗಳೂ ಬರುವುದೇ ಇಲ್ಲ. ಸೊನ್ನೆಯಂತೆ ಕಂಡದ್ದು ಕ್ಯೂ ಅಥವಾ ಡಿ. ಝಡ್‌ನಂತೆ ಕಂಡದ್ದು 2. ಆದರೆ ಬಿ ಮತ್ತು 8 ಎರಡೂ ಇವೆ, ಅಲ್ಲಿ ಎರಡನ್ನೂ ಹಾಕಿ ನೋಡುವುದೇ ದಾರಿ.

ಯಾವ ವಿಂಡೋಸ್ ಹಾಕುವುದು? ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಚಿಪ್ ಬೇಕು. ಇಷ್ಟಿಲ್ಲದ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿ ಎಂದೇ ನನ್ನ ಸಲಹೆ. ಅದಕ್ಕೆ ಕೀ ಎಂಬ ರಗಳೆಯೇ ಇಲ್ಲ. ಐನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ ಕೀಗಳ ಗೊಡವೆಗೆ ಹೋಗಬೇಡಿ, ಇಂದು ನಡೆದರೂ ನಾಳೆ ಮುಚ್ಚಿಹೋದಾವು.

ಡೌನ್‌ಲೋಡ್ ಮಾತ್ರ ಅಣಶಿಯಲ್ಲಿ ಕೂತು ಆಗುವ ಕೆಲಸವಲ್ಲ. ಐದು ಜಿಬಿಗೂ ಮೇಲಿದೆ, ನಮ್ಮ ಸಿಗ್ನಲ್ ಮರದಿಂದ ಮರಕ್ಕೆ ಹಾರುತ್ತದೆ. ದಾಂಡೇಲಿಗೋ ಕಾರವಾರಕ್ಕೋ ಹೋಗುವ ದಿನ 8 ಜಿಬಿಗೆ ಕಡಿಮೆಯಿಲ್ಲದ ಖಾಲಿ ಪೆನ್‌ಡ್ರೈವ್ ಒಯ್ಯಿರಿ. ಮೈಕ್ರೋಸಾಫ್ಟ್ ತಾಣದ ಮೀಡಿಯಾ ಕ್ರಿಯೇಷನ್ ಟೂಲ್ ಅದನ್ನು ಬೂಟ್ ಆಗುವಂತೆ ಮಾಡಿಕೊಡುತ್ತದೆ. ಅದರಲ್ಲಿದ್ದ ಹಳೆಯದೆಲ್ಲ ಅಳಿಯುತ್ತದೆ. 4.7 ಜಿಬಿಯ ಮಾಮೂಲಿ ಡಿವಿಡಿಯಲ್ಲಿ ಈ ಡೌನ್‌ಲೋಡ್ ಹಿಡಿಸದು. ನಿಮ್ಮ ಮಾಡೆಲ್‌ನ ವೈಫೈ ಡ್ರೈವರನ್ನೂ ಅಲ್ಲೇ ಇಳಿಸಿಕೊಳ್ಳಿ. ಇಲ್ಲವಾದರೆ ಹೊಸ ವಿಂಡೋಸ್ ಬಂದ ಮೇಲೆ ನೆಟ್ ಇಲ್ಲ, ನೆಟ್ ಇಲ್ಲದೆ ಡ್ರೈವರ್ ಇಲ್ಲ.

ಮನೆಗೆ ಬಂದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ಗಳಲ್ಲಿ ಇರುವುದನ್ನು ಬೇರೆ ಡಿಸ್ಕಿಗೆ ನಕಲಿಸಿ. ಸಿ ಡ್ರೈವ್ ಎಷ್ಟು ಜಿಬಿ ಎಂದು ಬರೆದಿಡಿ. ಇದೇಕೆಂದರೆ ಇನ್‌ಸ್ಟಾಲ್ ಮಾಡುವಾಗ ಸಿ, ಡಿ ಎಂಬ ಹೆಸರು ಕಾಣುವುದಿಲ್ಲ, ಪಾರ್ಟಿಷನ್ ಸಂಖ್ಯೆ ಮತ್ತು ಗಾತ್ರ ಅಷ್ಟೇ. ಮಕ್ಕಳ ಫೋಟೊಗಳಿದ್ದ ಡಿ ಡ್ರೈವನ್ನೇ ಸಿ ಎಂದು ತಿಳಿದು ಫಾರ್ಮ್ಯಾಟ್ ಮಾಡಿದವರಿದ್ದಾರೆ.

ಬ್ಯಾಟರಿ ತುಂಬಿಸಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈಹಾಕಬೇಡಿ, ಮಳೆ ಗಾಳಿಯ ದಿನವಂತೂ ಬೇಡವೇ ಬೇಡ. ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿದ ತಕ್ಷಣ ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತುತ್ತಿರಿ, ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಕೀ ಕೇಳಿದರೆ ಹಾಕಿ. ಸಿಗದಿದ್ದರೆ ‘ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ’ ಒತ್ತಿ, ಬರೆದುಕೊಂಡ ಎಡಿಷನ್ನನ್ನೇ ಆರಿಸಿ. ವಿಂಡೋಸ್ 10 ಅಥವಾ 11 ಮೊದಲೇ ಆಕ್ಟಿವೇಟ್ ಆಗಿದ್ದ ಯಂತ್ರ ಇಂಟರ್ನೆಟ್ ಸಿಕ್ಕೊಡನೆ ತನ್ನ ಡಿಜಿಟಲ್ ಪರವಾನಗಿಯನ್ನು ಗುರುತಿಸಿಕೊಳ್ಳುತ್ತದೆ. ವಿಂಡೋಸ್ 11 ಹೋಮ್ ಕೊನೆಯ ಹಂತದಲ್ಲಿ ಇಂಟರ್ನೆಟ್ ಇಲ್ಲದೆ ಮುಂದಕ್ಕೆ ಬಿಡುವುದಿಲ್ಲ. ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಡಿ, ಸಿಗ್ನಲ್ ಸಿಗುವ ಜಗುಲಿಯ ಮೂಲೆಯಲ್ಲೇ ಕೂರಿ.

ಎಲ್ಲ ಮುಗಿದು ಹಳೆಯ ಲೆಕ್ಕಪತ್ರ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡೀತು. ಫೈಲ್ ಕೆಟ್ಟಿತೆಂದು ಅಳಿಸಬೇಡಿ. ಅದು ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಟೈಪಿಸಿದ್ದು; ನುಡಿ ತಂತ್ರಾಂಶ ಮತ್ತೆ ಹಾಕಿ ತೆರೆಯಿರಿ, ಲೆಕ್ಕ ಇದ್ದಂತೆಯೇ ಇರುತ್ತದೆ.