ಉಷ್ಣವನ್ನು ಕಾಣುವ ಕಣ್ಣು

ವಿಜ್ಞಾನದ ಪಾಠವು ನಡೆಯುತ್ತಿದ್ದಾಗ ಬಾಲಕಿಯೊಬ್ಬಳು ಎದ್ದು ನಿಂತು, “ಟೀಚರ್, ಕ್ಷಿಪಣಿಯೊಳಗೆ ಮನುಷ್ಯನಿಲ್ಲವಷ್ಟೆ, ಓಡುವ ವಿಮಾನವನ್ನು ಅದು ಹೇಗೆ ಬೆನ್ನಟ್ಟುವುದು? ಅದಕ್ಕೂ ಕಣ್ಣುಂಟೇ?” ಎಂದು ಕೇಳಿದಳು. ಉಂಟು, ಆದರೆ ಅದು ನಮ್ಮ ಕಣ್ಣಿನಂತಹುದಲ್ಲ.

1800ನೆಯ ಇಸವಿಯಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಇಂಗ್ಲೆಂಡಿನಲ್ಲಿ ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪು ಬಣ್ಣದ ಆಚೆ, ಬೆಳಕೇ ಕಾಣದ ಎಡೆಯಲ್ಲಿ, ಪಾದರಸವು ಮತ್ತಷ್ಟು ಏರಿತು. ಹೀಗೆ ಅವರಕ್ತ ಕಿರಣಗಳು ತಿಳಿದುಬಂದವು. ಬಿಸಿಯಾದ ಪ್ರತಿಯೊಂದು ವಸ್ತುವೂ ಇವನ್ನು ಹೊರಸೂಸುತ್ತದೆ. ವಿಮಾನದ ಯಂತ್ರದ ಬಾಯಿಯಂತೂ ಧಾರಾಳವಾಗಿ ಸೂಸುತ್ತದೆ.

ಅಮೆರಿಕದ ನೌಕಾಪಡೆಯ ವಿಲಿಯಂ ಮ್ಯಾಕ್‌ಲೀನ್ ಎಂಬವನು ಕ್ಯಾಲಿಫೋರ್ನಿಯದ ಚೈನಾ ಲೇಕ್ ಮರುಭೂಮಿಯಲ್ಲಿ ಈ ತತ್ತ್ವದಿಂದ ಒಂದು ಕ್ಷಿಪಣಿಯನ್ನು ರೂಪಿಸಿದನು. ಅದು 1956ರಲ್ಲಿ ಸೇವೆಗೆ ಬಂದಿತು. ಅದಕ್ಕೆ ಸೈಡ್‌ವೈಂಡರ್ ಎಂಬ ಸರ್ಪದ ಹೆಸರಿಟ್ಟುದು ಉಚಿತವೇ. ಆ ಹಾವಿನ ಕಣ್ಣಿಗೂ ಮೂಗಿಗೂ ನಡುವಿನ ಕುಳಿಯು ಬೇಟೆಯ ಮೈಯ ಶಾಖವನ್ನು ಅರಿಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಕುಳಿಮಂಡಲಕ್ಕೂ ಇಂತಹ ಕುಳಿಯುಂಟು.

ಆ ಕ್ಷಿಪಣಿಯ ಮೂತಿಯೊಳಗೆ ತಿರುಗುವ ಕನ್ನಡಿಯೊಂದಿತ್ತು. ಅದು ಕೂಡಿಸಿದ ಕಿರಣಗಳು ಗೆರೆಗಳುಳ್ಳ ಒಂದು ಚಕ್ರವನ್ನು ದಾಟಿ ಸೀಸದ ಸಲ್ಫೈಡಿನ ತುಣುಕಿನ ಮೇಲೆ ಬೀಳುತ್ತಿದ್ದವು. ಕಿರಣ ತಾಗಿದೊಡನೆ ಆ ತುಣುಕಿನ ವಿದ್ಯುತ್ ನಿರೋಧವು ಬದಲಾಗುತ್ತಿತ್ತು. ವಿಶಾಲವಾದ ಮೋಡವು ಅನೇಕ ಗೆರೆಗಳ ಮೇಲೆ ಒಟ್ಟಿಗೆ ಹರಡುವುದರಿಂದ ವಿದ್ಯುತ್ತು ಹೆಚ್ಚು ಕದಲದು. ವಿಮಾನವಾದರೋ ದೂರದಿಂದ ಒಂದು ಚುಕ್ಕೆ. ಗೆರೆಗಳು ಅದನ್ನು ಮುಚ್ಚಿ ತೆರೆಯುವಾಗ ವಿದ್ಯುತ್ತು ಮಿಡಿಯುತ್ತದೆ. ಆ ಮಿಡಿತವು ಚಕ್ರದ ಯಾವ ಮಗ್ಗುಲಲ್ಲಿ ಹುಟ್ಟಿತೆಂಬುದರಿಂದ ಗುರಿಯಿರುವ ದಿಕ್ಕು ತಿಳಿಯುತ್ತದೆ. ಕೂಡಲೇ ಕನ್ನಡಿಯು ಅತ್ತ ಹೊರಳುತ್ತದೆ.

ಇನ್ನು ಬೆನ್ನಟ್ಟುವ ಬಗೆ. ಹೊಳೆಯಲ್ಲಿ ಸಾಗುವ ನಮ್ಮ ದೋಣಿಯಿಂದ ನೋಡುವಾಗ, ಇನ್ನೊಂದು ದೋಣಿಯು ಸದಾ ಒಂದೇ ದಿಕ್ಕಿನಲ್ಲಿ ಕಾಣುತ್ತ ದೊಡ್ಡದಾಗುತ್ತ ಬಂದರೆ, ಎರಡೂ ತಾಕುವುದು ನಿಶ್ಚಯ. ಕ್ಷಿಪಣಿಯೂ ಇದನ್ನೇ ಸಾಧಿಸುತ್ತದೆ. ಗುರಿಯ ದಿಕ್ಕು ಎಷ್ಟು ಬೇಗ ಪಲ್ಲಟವಾಗುವುದೋ ಅದಕ್ಕೆ ತಕ್ಕಷ್ಟು ತಾನು ತಿರುಗಿ, ಆ ಪಲ್ಲಟವನ್ನು ಇಲ್ಲವಾಗಿಸುತ್ತದೆ. ಆದಕಾರಣ ಅದು ವಿಮಾನವು ಈಗ ಇರುವಲ್ಲಿಗಲ್ಲ, ಮುಂದೆ ಬರುವಲ್ಲಿಗೆ ಹೋಗುತ್ತದೆ.

ಈ ಕಣ್ಣಿಗೂ ಭ್ರಮೆಯುಂಟು. ಮೊದಲಿನವು ಸೂರ್ಯನನ್ನೇ ಗುರಿಯೆಂದು ಬಗೆಯುತ್ತಿದ್ದವು. ವಿಮಾನದಿಂದ ಎಸೆದ ಉರಿಗೊಳ್ಳಿಯ ಬೆನ್ನು ಹತ್ತುತ್ತಿದ್ದವು. 2003ರಲ್ಲಿ ಸೇವೆಗೆ ಬಂದ ಅದೇ ವಂಶದ ಹೊಸ ಕ್ಷಿಪಣಿಯಲ್ಲಿ 128 ಸಾಲುಗಳಲ್ಲಿ ತಲಾ 128 ಸೂಕ್ಷ್ಮ ತುಣುಕುಗಳಿದ್ದು, ಅದು ಚುಕ್ಕೆಗೆ ಬದಲಾಗಿ ಚಿತ್ರವನ್ನೇ ಕಾಣುತ್ತದೆ. ಕೊಳ್ಳಿಗೂ ವಿಮಾನಕ್ಕೂ ಇರುವ ಭೇದವನ್ನು ಹೆಚ್ಚು ಚೆನ್ನಾಗಿ ಗುರುತಿಸುತ್ತದೆ.

ಆದರೂ ಆ ವಿಮಾನದೊಳಗೆ ಯಾರಿರುವರು, ಅವರನ್ನು ಕೊಲ್ಲುವುದು ನ್ಯಾಯವೇ ಎಂಬುದನ್ನು ಅದು ಅರಿಯದು. ಪಾಠದ ಕೊನೆಯಲ್ಲಿ ಆ ಬಾಲಕಿಯು, “ಹಾಗಾದರೆ ಅದನ್ನು ಯಾರು ನೋಡುವರು, ಟೀಚರ್?” ಎಂದಳು. ಬಿಡುವವನೇ ನೋಡಬೇಕು, ಮಗಳೇ, ಎಂದೆನು. ಹರ್ಷೆಲನ ಉಷ್ಣಮಾಪಕವು ತೋರಿಸಿದ ಅದೇ ಕಿರಣದಿಂದ ಇಂದು ಕತ್ತಲೆಯಲ್ಲಿ ದಾರಿ ತಪ್ಪಿದವರನ್ನು ಹುಡುಕಿ ಉಳಿಸುವವರೂ ಇದ್ದಾರೆ. ಕಾಣುವ ಶಕ್ತಿಯನ್ನು ಯಂತ್ರಕ್ಕೆ ಕೊಡಬಹುದು. ಕಂಡದ್ದಕ್ಕೆ ಉತ್ತರ ಕೊಡುವ ಭಾರವು ಮನುಷ್ಯನ ಮೇಲೆಯೇ ಉಳಿಯುತ್ತದೆ.