ಮೊದಲ 72 ಗಂಟೆಗಳು

ಹಾವು ಕಚ್ಚಿದವರನ್ನು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯುತ್ತೇವೆ. ಆದರೆ ಮನೆಯ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆದಿದೆಯೆಂದು ತಿಳಿದಾಗ ಬಾಗಿಲು ಮುಚ್ಚಿ, ಸ್ನಾನ ಮಾಡಿಸಿ, ‘ಯಾರ ಮುಂದೆಯೂ ಬಾಯಿ ಬಿಡಬೇಡ’ ಎನ್ನುವ ಮನೆಗಳು ಇಂದಿಗೂ ಇವೆ. ಮಾನ ಉಳಿಸಿಕೊಳ್ಳುವ ಈ ಆತುರದಲ್ಲಿ ಚಿಕಿತ್ಸೆಗೆ ಅತ್ಯಮೂಲ್ಯವಾದ ಕಾಲವು ಕಳೆದುಹೋಗುತ್ತದೆ. ಆದ್ದರಿಂದ ಈ ವಿಷಯವನ್ನು ಪ್ರತಿಯೊಂದು ಕುಟುಂಬವೂ ಸಂಕೋಚವಿಲ್ಲದೆ ಅರಿತಿರಬೇಕು.

ಮೊದಲು ಆಸ್ಪತ್ರೆ: ಗರ್ಭಧಾರಣೆಯನ್ನು ತಡೆಯುವ ತುರ್ತು ಮಾತ್ರೆಯು ಎಷ್ಟು ಬೇಗ ಸೇವಿಸಿದರೆ ಅಷ್ಟು ಫಲಕಾರಿ, ಅದನ್ನು 72 ಗಂಟೆಗಳೊಳಗೆ ತೆಗೆದುಕೊಳ್ಳುವುದು ಉತ್ತಮ. ಎಚ್‌ಐವಿ ಸೋಂಕು ತಡೆಯುವ ಔಷಧವನ್ನೂ 72 ಗಂಟೆಗಳೊಳಗೆ ಆರಂಭಿಸಿ, 28 ದಿನ ತಪ್ಪದೆ ಸೇವಿಸಬೇಕು. ಈ ಕಾರ್ಯವನ್ನು ಮಾಡುವ ಕಷಾಯವಾಗಲಿ ಚೂರ್ಣವಾಗಲಿ ಆಯುರ್ವೇದ ವೈದ್ಯರಾದ ನಮ್ಮ ಬಳಿ ಇಲ್ಲ. ಮನೆಮದ್ದನ್ನು ನಂಬಿ ಕಾಯಬಾರದು. ದಿನಗಳು ಕಳೆದಿದ್ದರೂ ಗಾಯ, ಸೋಂಕು, ಗರ್ಭಗಳ ಪರೀಕ್ಷೆಗಾಗಿ ವೈದ್ಯರನ್ನು ಕಾಣಲೇಬೇಕು.

ಪರೀಕ್ಷೆಗೆ ಮುನ್ನ ಸಾಧ್ಯವಾದಷ್ಟು ಸ್ನಾನ ಮಾಡದಿರುವುದು, ಧರಿಸಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡುವುದು ಸಾಕ್ಷ್ಯದ ದೃಷ್ಟಿಯಿಂದ ಒಳಿತು. ಸ್ನಾನವಾಗಿದ್ದರೂ ಹಿಂಜರಿಯಬೇಕಿಲ್ಲ.

ಕಾನೂನಿನ ಆಸರೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಮಿನಂತೆ ಸರ್ಕಾರಿ, ಖಾಸಗಿ ಆಸ್ಪತ್ರೆಗಳೆಲ್ಲವೂ ತಕ್ಷಣವೇ ಉಚಿತ ಚಿಕಿತ್ಸೆ ನೀಡಬೇಕು, ‘ಮೊದಲು ಪೊಲೀಸ್ ಕಾಗದ ತನ್ನಿ’ ಎನ್ನುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ವಿಷಯ ತಿಳಿಸುತ್ತಾರೆ. ಆದರೂ ಪರೀಕ್ಷೆಗೆ ಆಕೆಯ ಒಪ್ಪಿಗೆ ಅವಶ್ಯಕ. ಒಪ್ಪದಿದ್ದರೆ ಆ ಕಾರಣಕ್ಕೆ ಚಿಕಿತ್ಸೆ ನಿಲ್ಲಿಸಕೂಡದು. ಅವಮಾನಕರವಾದ ‘ಎರಡು ಬೆರಳಿನ ಪರೀಕ್ಷೆ’ಯನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರೆಂದು ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟಪಡಿಸಿದೆ. ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ನೀಡಬಹುದು. ಆಕೆಯ ಗುರುತನ್ನು ಬಹಿರಂಗಪಡಿಸುವುದು ಅಪರಾಧ.

ನೊಂದವರು 18 ವರ್ಷದೊಳಗಿನವರಾದರೆ, ಹುಡುಗಿಯಾಗಲಿ ಹುಡುಗನಾಗಲಿ, 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಹಿರಿಯರು ಕೂತು ರಾಜಿ ಮಾಡಿಸುವ ವ್ಯವಹಾರವಲ್ಲ ಇದು.

ಮನಸ್ಸಿನ ಚಿಕಿತ್ಸೆ: ಚರಕಾಚಾರ್ಯರು ಹೇಳಿದ ಮೂರು ಬಗೆಯ ಚಿಕಿತ್ಸೆಗಳಲ್ಲಿ ಸತ್ತ್ವಾವಜಯವೂ ಒಂದು, ಮನಸ್ಸನ್ನು ಅಹಿತದಿಂದ ಹಿಂದೆಗೆದು ಸ್ಥಿರಗೊಳಿಸುವುದು ಅದರ ಗುರಿ. ನಿದ್ರೆ ಬಾರದಿರುವುದು, ಬೆಚ್ಚಿಬೀಳುವುದು, ಊಟ ಸೇರದಿರುವುದು, ಮಂಕಾಗಿ ಕೂರುವುದು ಇವೆಲ್ಲ ಆಘಾತದ ಲಕ್ಷಣಗಳೇ ಹೊರತು ಹಟವಲ್ಲ, ಗಾಳಿ ಸೋಕಿದ್ದೂ ಅಲ್ಲ. ‘ಅಷ್ಟು ಹೊತ್ತಿನಲ್ಲಿ ಏಕೆ ಹೋದೆ?’ ಎಂಬ ಪ್ರಶ್ನೆ ಗಾಯವನ್ನು ಮತ್ತೆ ಕೆದಕುತ್ತದೆ. ‘ತಪ್ಪು ನಿನ್ನದಲ್ಲ, ನಾವಿದ್ದೇವೆ’ ಎಂಬ ಮಾತೇ ಮೊದಲ ಔಷಧ. ನಡೆದದ್ದನ್ನು ಮತ್ತೆ ಮತ್ತೆ ಹೇಳಿಸಬಾರದು. ಸಾಯುವ ಮಾತನಾಡಿದರೆ ಒಂಟಿಯಾಗಿ ಬಿಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ‘ಸಖಿ’ ಕೇಂದ್ರಗಳಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ನೆರವು, ತಾತ್ಕಾಲಿಕ ವಸತಿಗಳಿಗೆ ಒಂದೇ ಕಡೆ ವ್ಯವಸ್ಥೆಯಿದೆ. ಈ ಸಂಖ್ಯೆಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ನಮ್ಮ ಮನೆಗೆ ಬೇಕಾಗದಿದ್ದರೂ ನೆರೆಮನೆಯ ಮಗಳಿಗೆ ಬೇಕಾಗಬಹುದು.