ಭೀಮೆಯ ಮೇಲೊಂದು ಸಂಜೆ

ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿಯು ಅಫಜಲಪುರ, ಜೇವರ್ಗಿ ಸೀಮೆಗಳನ್ನು ತಣಿಸುತ್ತ ಸಾಗಿ ಕೃಷ್ಣೆಯನ್ನು ಸೇರುತ್ತದೆ. ಆಳಂದದ ಕಡೆಯಿಂದ ಹರಿದುಬರುವ ಅಮರಜೆಯು ಗಾಣಗಾಪುರದ ಬಳಿ ಅದರೊಡನೆ ಬೆರೆಯುತ್ತದೆ. ದತ್ತಕ್ಷೇತ್ರವೆಂದು ಹೆಸರಾದ ಈ ಸಂಗಮಕ್ಕೆ ಬಂದವರಿಗೆ, ಸಂಜೆಯ ಹೊತ್ತು ನೀರಿನ ಮೇಲೆ ತೇಲಬೇಕೆಂಬ ಆಸೆ ಮೂಡುವುದು ಸಹಜ.

ನಮ್ಮ ನದಿಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಬಿದಿರಿನ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಅಂಬಿಗನು ಹುಟ್ಟು ಹಾಕಿದರೆ ಸಾಗುತ್ತದೆ; ಬಿಟ್ಟರೆ ಬುಗುರಿಯಂತೆ ತಿರುಗುತ್ತದೆ. ಸೂರ್ಯನನ್ನು ನೋಡಲು ಒಬ್ಬನು ಥಟ್ಟನೆ ಎದ್ದರೆ ಎಲ್ಲರೂ ಓಲಾಡಬೇಕಾಗುತ್ತದೆ. ಆದುದರಿಂದ ಭಾರ ಸಮನಾಗುವಂತೆ ಕುಳಿತೇ ನೋಡಬೇಕು.

ಹೊತ್ತು ಇಳಿದಂತೆ ನೀರು ಮೊದಲು ಹೊನ್ನಾಗುತ್ತದೆ, ಬಳಿಕ ಕುಂಕುಮವಾಗುತ್ತದೆ. ಆದರೆ ಈ ಸೊಬಗು ಬಹಳ ಹೊತ್ತು ನಿಲ್ಲದು. ಉತ್ತರ ಯುರೋಪಿನಲ್ಲಿ ಬೇಸಗೆಯ ಸಂಜೆಬೆಳಕು ಗಂಟೆಗಟ್ಟಲೆ ಉಳಿಯುತ್ತದೆ. ನಮ್ಮದು ಉಷ್ಣವಲಯ, ಇಲ್ಲಿ ಸೂರ್ಯನು ಹೆಚ್ಚು ಓರೆಯಾಗದೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಸುಮಾರು 25 ನಿಮಿಷಗಳಲ್ಲಿ ದಡದ ಗುರುತುಗಳು ಮಸುಕಾಗುತ್ತವೆ.

ಅದಕ್ಕಾಗಿಯೇ ಬಾನಿನ ಬಣ್ಣ ಆರುವ ಮೊದಲೇ ಅಂಬಿಗನು ಹರಿಗೋಲನ್ನು ತಿರುಗಿಸುತ್ತಾನೆ. “ಇನ್ನೊಂದು ಗಳಿಗೆ ಇರೋಣ, ಅಣ್ಣಾ” ಎಂದು ಬೇಡಿದರೆ, “ಕತ್ತಲಾದ್ರ ದಂಡಿ ಕಾಣೂದಿಲ್ರಿ” ಎನ್ನುತ್ತಾನೆ. 2020ರ ಅಕ್ಟೋಬರಿನಲ್ಲಿ ಇದೇ ಭೀಮೆಯು ಉಕ್ಕಿ ದಡದ ಹಳ್ಳಿಗಳಿಗೆ ನುಗ್ಗಿತ್ತು. ಶಾಂತವಾಗಿ ಕಾಣುವ ನೀರಿನ ಬಲವನ್ನು ಅವನು ಬಲ್ಲ.

ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನು ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡ ಶರಣ. ಜನರನ್ನು ಕ್ಷೇಮವಾಗಿ ದಡ ಸೇರಿಸುವುದೇ ಆ ಕಾಯಕದ ಸಾರ. ಸೂರ್ಯಾಸ್ತವು ನಾಳೆಯೂ ಬರುತ್ತದೆ. ಅದನ್ನು ನೋಡಲು ನಾವೂ ಇರಬೇಕಲ್ಲವೆ?